ಕ್ಯಾಲಿಫೋರ್ನಿಯಾದ ಕಾನೂನಿಗೆ ಒಪ್ಪುವ ಕಡಿಮೆ ಬೆಲೆಯ ರೈಫಲ್: ಆರು ವರ್ಷಗಳ ಬಳಕೆಯ ನಂತರ

2019ರ ಫೆಬ್ರವರಿಯಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿಕೊಂಡ, ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಎಆರ್-15 ಮಾದರಿಯ ರೈಫಲ್ ಒಂದನ್ನು ನಾನು ಸ್ಯಾಕ್ರಮೆಂಟೊ ಸಮೀಪದ ಗುರಿ ಅಭ್ಯಾಸದ ಮೈದಾನದಲ್ಲಿ ಆರು ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನ ಟಿಪ್ಪಣಿ ಪುಸ್ತಕದ ಪ್ರಕಾರ ಇದುವರೆಗೆ ಅದರಿಂದ 4,260 ಗುಂಡು ಹಾರಿಸಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ರೈಫಲ್‌ಗೆ ‘ಫೀಚರ್‌ಲೆಸ್’ ಎನ್ನುತ್ತಾರೆ. ಅಂದರೆ ರಾಜ್ಯದ ಕಾನೂನು ಹೆಸರಿಸಿ ನಿಷೇಧಿಸಿರುವ ಲಕ್ಷಣಗಳಲ್ಲಿ ಒಂದೂ ಇಲ್ಲದ ರೈಫಲ್. ಇಂಥವುಗಳ ಬಗ್ಗೆ ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಕೊಂಡ ಮೊದಲ ತಿಂಗಳಲ್ಲೇ ಬರೆದವು. ಮೊದಲ ತಿಂಗಳಲ್ಲಿ ನನಗೂ ಇದು ಬಹಳ ಇಷ್ಟವಾಗಿತ್ತು. ಎರಡನೆಯ ವರ್ಷಕ್ಕೆ ಕೆಲವು ಭಾಗಗಳ ಬಗ್ಗೆ ಬೇಸರ ಬಂತು, ನಾಲ್ಕನೆಯ ವರ್ಷಕ್ಕೆ ಅವುಗಳಲ್ಲಿ ಎರಡನ್ನು ಬದಲಿಸಿದೆ. ಈಗ ಹೇಳಬಹುದಾದ ಮಾತು ಆಗ ಹೇಳುವಂತಿರಲಿಲ್ಲ.

ನಾನು ಕೊಡಗಿನಲ್ಲಿ ಬೆಳೆದವನು. ನಮ್ಮೂರಿನಲ್ಲಿ ಕೋವಿ ಮನೆಯ ವಸ್ತು. ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ಅದನ್ನು ಒರೆಸಿ, ದೇವರ ಕೋಣೆಯಲ್ಲಿಟ್ಟು, ಹೂವಿಟ್ಟು ಪೂಜಿಸುವುದನ್ನು ನೋಡುತ್ತಲೇ ದೊಡ್ಡವನಾದೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೆ ಭಾರತದ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಪರವಾನಗಿಯ ವಿನಾಯಿತಿ ಇದೆ, ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಅಲ್ಲಿ ಕಾನೂನು ಕೇಳುವುದು ‘ಇದು ಯಾರ ಕೋವಿ’ ಎಂದು. ಕ್ಯಾಲಿಫೋರ್ನಿಯಾದಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೂ ‘ಇದರ ಆಕಾರ ಯಾವುದು’ ಎಂಬ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಇಲ್ಲಿ ಕಡಿಮೆ ಬೆಲೆಗೆ ರೈಫಲ್ ಕೊಳ್ಳಲು ಹೊರಟವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಈ ಎರಡನೆಯ ಪ್ರಶ್ನೆಯನ್ನು.

1989ರ ಜನವರಿಯಲ್ಲಿ ಸ್ಟಾಕ್‌ಟನ್ ನಗರದ ಪ್ರಾಥಮಿಕ ಶಾಲೆಯೊಂದರ ಅಂಗಳದಲ್ಲಿ ಐವರು ಮಕ್ಕಳು ಗುಂಡೇಟಿಗೆ ಬಲಿಯಾದರು. ಅದೇ ವರ್ಷ ಈ ರಾಜ್ಯ ಕೆಲವು ಬಂದೂಕುಗಳನ್ನು ಮಾದರಿಯ ಹೆಸರು ಹಿಡಿದು ನಿಷೇಧಿಸಿತು. ಹೆಸರು ಬದಲಿಸಿ ಅದೇ ಬಂದೂಕನ್ನು ಮಾರುವುದು ಸುಲಭವಾದ್ದರಿಂದ, 2000ದ ಜನವರಿಯಿಂದ ಜಾರಿಗೆ ಬಂದ ಇನ್ನೊಂದು ಕಾನೂನು ಲಕ್ಷಣಗಳನ್ನು ಪಟ್ಟಿ ಮಾಡಿತು. ಸೆಂಟರ್‌ಫೈರ್ (ತಳದ ನಡುವೆ ಕಿಡಿಮದ್ದಿರುವ) ತೋಟಾ ಬಳಸುವ, ತನ್ನಷ್ಟಕ್ಕೆ ಮುಂದಿನ ತೋಟಾ ತುಂಬಿಕೊಳ್ಳುವ, ಮ್ಯಾಗಝಿನ್ (ತೋಟಾಗಳನ್ನು ತುಂಬಿಡುವ ಪೆಟ್ಟಿಗೆ) ತೆಗೆದು ಹಾಕಬಹುದಾದ ರೈಫಲ್‌ಗೆ ಕೆಳಕ್ಕೆ ಎದ್ದು ಕಾಣುವಂತೆ ಚಾಚಿದ ಪಿಸ್ತೂಲ್ ಗ್ರಿಪ್ (ಹಿಡಿ), ಹೆಬ್ಬೆರಳು ತೂರಿಸುವ ರಂಧ್ರವುಳ್ಳ ಸ್ಟಾಕ್ (ಭುಜಕ್ಕೆ ಒರಗಿಸುವ ಹಿಂಭಾಗ), ಮಡಚುವ ಅಥವಾ ಉದ್ದ ಬದಲಿಸುವ ಸ್ಟಾಕ್, ಬೆಂಕಿಯ ಹೊಳಪು ಅಡಗಿಸುವ ಫ್ಲ್ಯಾಶ್ ಸಪ್ರೆಸರ್, ಮುಂಭಾಗದ ಪಿಸ್ತೂಲ್ ಗ್ರಿಪ್ ಅಥವಾ ಗ್ರೆನೇಡ್ ಇಲ್ಲವೇ ಫ್ಲೇರ್ ಲಾಂಚರ್, ಇವುಗಳಲ್ಲಿ ಒಂದೇ ಒಂದು ಇದ್ದರೂ ಅದು ನಿಷೇಧಿತ ‘ಅಸಾಲ್ಟ್ ವೆಪನ್’ ಆಗುತ್ತದೆ. ಒಟ್ಟು ಉದ್ದ 30 ಅಂಗುಲಕ್ಕಿಂತ ಕಡಿಮೆಯಾದರೂ ಹಾಗೆಯೇ. ಹಲವು ವರ್ಷ ಜನ ‘ಬುಲೆಟ್ ಬಟನ್’ (ತೋಟಾದ ತುದಿಯಂತಹ ಸಾಧನದಿಂದ ಒತ್ತಿದರೆ ಮಾತ್ರ ಮ್ಯಾಗಝಿನ್ ಬಿಡುವ ಗುಂಡಿ) ಎಂಬ ಉಪಕರಣ ಹಾಕಿಕೊಂಡು ಈ ಪಟ್ಟಿಯಿಂದ ತಪ್ಪಿಸಿಕೊಂಡರು. 2016ರಲ್ಲಿ ಶಾಸನಸಭೆ ಅದನ್ನೂ ಮುಚ್ಚಿತು, 2017ರ ಆರಂಭದಿಂದ ಅದು ಜಾರಿಯಾಯಿತು. ಅಲ್ಲಿಂದ ಉಳಿದದ್ದು ಮುಖ್ಯವಾಗಿ ಎರಡು ದಾರಿ. ರೈಫಲ್‌ನ ಯಂತ್ರಭಾಗವನ್ನೇ ಬಿಚ್ಚದೆ ತೆಗೆಯಲಾಗದಂತೆ ಮ್ಯಾಗಝಿನ್ ಸ್ಥಿರಗೊಳಿಸಿ ಬೇಕಾದ ಗ್ರಿಪ್ ಇಟ್ಟುಕೊಳ್ಳುವುದು ಒಂದು. ಮ್ಯಾಗಝಿನ್ ಎಂದಿನಂತೆ ಬಿಟ್ಟು ಪಟ್ಟಿಯ ಲಕ್ಷಣಗಳನ್ನೆಲ್ಲ ಕಳಚಿಹಾಕುವುದು ಇನ್ನೊಂದು.

ನಾನು ಎರಡನೆಯದನ್ನು ಆರಿಸಿಕೊಂಡೆ. ಆ ತೀರ್ಮಾನಕ್ಕೆ ಕಾರಣ ಮೈದಾನದಲ್ಲಿ ಕಣ್ಣಾರೆ ಕಂಡ ಒಂದು ಘಟನೆ. ಪಕ್ಕದ ಬೆಂಚಿನ ಹಿರಿಯರೊಬ್ಬರ ರೈಫಲ್‌ನಲ್ಲಿ ಮ್ಯಾಗಝಿನ್ ಸ್ಥಿರವಾಗಿತ್ತು. ಎರಡು ತೋಟಾಗಳು ಒಟ್ಟಿಗೆ ಮುಂದೆ ಬಂದು ಸಿಕ್ಕಿಕೊಂಡವು. ಸಾಮಾನ್ಯ ರೈಫಲ್‌ನಲ್ಲಾದರೆ ಮೊದಲು ಮ್ಯಾಗಝಿನ್ ಕಳಚಿ, ಬೋಲ್ಟ್ (ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಭಾಗ) ಹಿಂದೆಳೆದು, ಸಿಕ್ಕಿದ್ದನ್ನು ಕೆಳಕ್ಕೆ ಉದುರಿಸಬಹುದು. ಅವರಿಗೆ ಮ್ಯಾಗಝಿನ್ ಕಳಚಬೇಕಾದರೆ ಯಂತ್ರಭಾಗ ಬಿಚ್ಚಬೇಕು, ತೋಟಾ ಸಿಕ್ಕಿಕೊಂಡ ಕಾರಣ ಯಂತ್ರಭಾಗ ಬಿಚ್ಚಿಕೊಳ್ಳಲೊಲ್ಲದು. ಜೀವಂತ ತೋಟಾ ಒಳಗಿದ್ದ ಆ ರೈಫಲ್‌ನ ನಳಿಗೆಯನ್ನು ಗುರಿಯ ದಿಬ್ಬದ ಕಡೆಗೇ ಹಿಡಿದು, ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಸುಮಾರು ಇಪ್ಪತ್ತು ನಿಮಿಷ ಅವರು ಒದ್ದಾಡಿದರು. ಮೈದಾನದ ಮೇಲ್ವಿಚಾರಕರು ಉಳಿದವರನ್ನೆಲ್ಲ ಹಿಂದಕ್ಕೆ ಕಳುಹಿಸಿದರು. ಸಿಕ್ಕಿಕೊಂಡ ತೋಟಾವನ್ನು ಕೂಡಲೇ ಹೊರತೆಗೆಯಲಾಗದ ರೈಫಲ್, ಎಷ್ಟೇ ಕಾನೂನುಬದ್ಧವಾಗಿರಲಿ, ನನಗೆ ಬೇಡ ಎನಿಸಿತು.

ಖರ್ಚಿನ ಲೆಕ್ಕವನ್ನು ಇದ್ದಂತೆ ಕೊಡುತ್ತೇನೆ. ಈ ಮಾದರಿಯಲ್ಲಿ ಕಾನೂನಿನ ದೃಷ್ಟಿಗೆ ಬಂದೂಕು ಎಂದರೆ ಕ್ರಮಸಂಖ್ಯೆ ಕೊರೆದ ಲೋವರ್ ರಿಸೀವರ್ (ಟ್ರಿಗರ್ ಕೂರುವ ಕೆಳಭಾಗದ ಚೌಕಟ್ಟು) ಮಾತ್ರ. ಅದನ್ನು ಪರವಾನಗಿ ಪಡೆದ ಅಂಗಡಿಯಲ್ಲಿ, ಹಿನ್ನೆಲೆ ಪರಿಶೀಲನೆ ಮುಗಿಸಿ, ಹತ್ತು ದಿನ ಕಾದು ತರಬೇಕು. ರಿಸೀವರ್‌ಗೆ 60 ಡಾಲರ್, ಅಂಗಡಿಯ ವರ್ಗಾವಣೆ ಶುಲ್ಕ 50, ರಾಜ್ಯದ ಶುಲ್ಕ ಆಗ 25 (2020ರಿಂದ ಅದು 37.19 ಆಯಿತು), ಸುರಕ್ಷತಾ ಪ್ರಮಾಣಪತ್ರದ ಪರೀಕ್ಷೆಗೆ ಇನ್ನೊಂದು 25. ಆ ಪರೀಕ್ಷೆಯಲ್ಲಿ ಮೂವತ್ತು ಪ್ರಶ್ನೆಗಳಿಗೆ ಇಪ್ಪತ್ತಮೂರು ಸರಿಯುತ್ತರ ಬೇಕು, ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. 16 ಅಂಗುಲದ ನಳಿಗೆಯಿರುವ ಮೇಲ್ಭಾಗ ಬೋಲ್ಟ್ ಸಹಿತ 330 ಡಾಲರಿಗೆ ಸಿಕ್ಕಿತು. ಟ್ರಿಗರ್ ಮತ್ತಿತರ ಒಳಭಾಗಗಳು, ಉದ್ದ ಬದಲಾಗದ ಸ್ಟಾಕ್, ಫಿನ್ ಗ್ರಿಪ್ (ಹೆಬ್ಬೆರಳು ಸುತ್ತದಂತೆ ತಡೆಯುವ ಫಲಕವುಳ್ಳ ಹಿಡಿ), ಕಬ್ಬಿಣದ ಗುರಿಕಣ್ಣುಗಳು, ತಲಾ ಹತ್ತು ತೋಟಾಗಳ ಎರಡು ಮ್ಯಾಗಝಿನ್ ಎಲ್ಲ ಸೇರಿ ಮಾರಾಟ ತೆರಿಗೆಯೊಂದಿಗೆ ಒಟ್ಟು ಸುಮಾರು 750 ಡಾಲರ್. ಕ್ರಮಸಂಖ್ಯೆಯಿಲ್ಲದ, ಅರ್ಧ ತಯಾರಾದ ರಿಸೀವರ್ ಇನ್ನೂ ಅಗ್ಗ ಎಂದು ಕೆಲವರು ಆಗ ಸಲಹೆ ಕೊಟ್ಟಿದ್ದರು. ನಾನು ಆ ದಾರಿ ಹಿಡಿಯಲಿಲ್ಲ, ಯಾರೂ ಹಿಡಿಯಬಾರದು.

ಬಿಡಿಭಾಗ ಜೋಡಿಸುವಾಗ ಯಾವುದು ಮೊದಲು ಯಾವುದು ನಂತರ ಎಂಬುದು ಇಲ್ಲಿ ಕಾನೂನಿನ ಪ್ರಶ್ನೆಯೂ ಹೌದು. ಕೆಳಭಾಗದಲ್ಲಿ ಪಿಸ್ತೂಲ್ ಗ್ರಿಪ್ ಇರುವಾಗ ‘ಹೇಗೂ ಆಮೇಲೆ ಬದಲಿಸುತ್ತೇನಲ್ಲ’ ಎಂದು ಮೇಲ್ಭಾಗ ಕೂರಿಸಿದರೆ, ಐದು ನಿಮಿಷದ ಮಟ್ಟಿಗಾದರೂ ನಿಷೇಧಿತ ಬಂದೂಕೊಂದನ್ನು ತಯಾರಿಸಿದಂತೆ ಆಗುತ್ತದೆ. ಅಸಡ್ಡೆಯಿಂದಾಯಿತು ಎಂಬ ಮಾತು ಅಲ್ಲಿ ನೆರವಿಗೆ ಬರುವುದಿಲ್ಲ. ನನ್ನಲ್ಲಿ ತಪ್ಪು ನಡೆಯುವುದರಲ್ಲಿದ್ದದ್ದೂ ಇಲ್ಲಿಯೇ. ತರಿಸಿಕೊಂಡ ಮೇಲ್ಭಾಗದ ನಳಿಗೆಯ ತುದಿಯಲ್ಲಿ ಪಂಜರದಾಕಾರದ ಒಂದು ಲೋಹದ ತುಂಡಿತ್ತು. ಮಾರಿದ ಅಂಗಡಿಯವರು ‘ಇದು ಕಾಂಪನ್ಸೇಟರ್ (ನಳಿಗೆ ಮೇಲಕ್ಕೆ ಚಿಮ್ಮದಂತೆ ತಡೆಯುವ ಸಾಧನ), ತೊಂದರೆಯಿಲ್ಲ’ ಎಂದು ಖಚಿತವಾಗಿ ಹೇಳಿದ್ದರು. ಮನೆಗೆ ತಂದು ಪೊಟ್ಟಣದ ಚೀಟಿ ಓದಿದರೆ ತಯಾರಕರೇ ಅದನ್ನು ಫ್ಲ್ಯಾಶ್ ಹೈಡರ್, ಅಂದರೆ ಹೊಳಪು ಅಡಗಿಸುವ ಸಾಧನ, ಎಂದು ಮುದ್ರಿಸಿದ್ದರು. ಗುಂಡು ಹಾರಿಸುವವನ ಕಣ್ಣಿಗೆ ಬೀಳುವ ಬೆಂಕಿಯ ಹೊಳಪನ್ನು ಕಡಿಮೆ ಮಾಡಲು ಉದ್ದೇಶಿಸಿದ ಯಾವುದೇ ಸಾಧನ ಈ ರಾಜ್ಯದ ವ್ಯಾಖ್ಯಾನದಲ್ಲಿ ಫ್ಲ್ಯಾಶ್ ಸಪ್ರೆಸರ್. ಮಾರುವವರು ಅದನ್ನು ಬೇರೆ ಯಾವ ಹೆಸರಿನಿಂದ ಕರೆದರೂ ಹೊಣೆ ಹೊರುವವನು ಇಟ್ಟುಕೊಂಡವನೇ. ಆ ತುಂಡು ಕಳಚುವವರೆಗೆ ಮೇಲ್ಭಾಗವನ್ನೂ ಕೆಳಭಾಗವನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟೆ.

ಅದರ ಜಾಗಕ್ಕೆ ಮೊದಲು ಹಿಮ್ಮೆಟ್ಟುವಿಕೆ ತಗ್ಗಿಸುವ ಮಝಲ್ ಬ್ರೇಕ್ ಹಾಕಿಸಿದೆ. ಹಿಮ್ಮೆಟ್ಟುವಿಕೆ ಕಡಿಮೆಯಾದದ್ದು ನಿಜ, ಆದರೆ ಮೈದಾನದ ತಗಡಿನ ಚಾವಣಿಯ ಕೆಳಗೆ ಅದರ ಸದ್ದು ಪಕ್ಕಕ್ಕೆ ಸಿಡಿದು, ಅಕ್ಕಪಕ್ಕದವರ ಬೆಂಚಿನ ಮೇಲಿನ ಕಾಗದಗಳು ಹಾರುತ್ತಿದ್ದವು. ಕಿವಿಗೆ ಎರಡು ಪದರದ ರಕ್ಷಣೆ ಹಾಕಿಕೊಂಡರೂ ಒಂದು ಗಂಟೆಗೆ ತಲೆ ಭಾರವಾಗುತ್ತಿತ್ತು. ಈ ರೈಫಲ್ ಬಳಸುವ .223 ತೋಟಾದ ಹಿಮ್ಮೆಟ್ಟುವಿಕೆ ಮೊದಲೇ ಅಲ್ಪ. ಅದನ್ನು ಇನ್ನಷ್ಟು ತಗ್ಗಿಸಲು ಇಷ್ಟು ಬೆಲೆ ತೆರಬೇಕಿಲ್ಲ. 2020ರಿಂದ ನಳಿಗೆಯ ತುದಿಯಲ್ಲಿ ತಿರುಪಿನ ಎಳೆಗಳ ರಕ್ಷಣೆಗೆಂದು ಹತ್ತು ಡಾಲರಿನ ಸಾದಾ ಮುಚ್ಚಳವಿದೆ. ಬ್ರೇಕ್‌ಗೆ ಕೊಟ್ಟ ದುಡ್ಡು ವ್ಯರ್ಥವಾಯಿತು.

ಈಗ ಫಿನ್ ಗ್ರಿಪ್‌ನ ವಿಷಯ, ಏಕೆಂದರೆ ಇಡೀ ರೈಫಲ್‌ನ ಅನುಭವವನ್ನು ನಿರ್ಧರಿಸುವ ಭಾಗ ಇದೇ. ನಿಯಮದ ಪ್ರಕಾರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು, ಹೊರಗೆ ಕಾಣುವ ಟ್ರಿಗರ್‌ನ ಮೇಲ್ತುದಿಗಿಂತ ಕೆಳಗೆ ಕೂರುವಂತೆ ಹಿಡಿಯಲು ಬಂದರೆ ಅದು ಪಿಸ್ತೂಲ್ ಗ್ರಿಪ್. ಹಾಗೆ ಹಿಡಿಯಲು ಬಾರದಂತೆ ಗ್ರಿಪ್‌ನ ಹಿಂಬದಿಗೆ ಮೀನಿನ ಈಜುರೆಕ್ಕೆಯಂತಹ ಪ್ಲಾಸ್ಟಿಕ್ ಫಲಕ ಇರುತ್ತದೆ. ಹೆಬ್ಬೆರಳು ಅದನ್ನು ಸುತ್ತಿ ಆಚೆ ಬದಿಗೆ ಹೋಗಲಾರದು. ಬಲಗೈಯವನಾದರೆ ತೋರುಬೆರಳಿನ ಬದಿಯಲ್ಲೇ ಅದು ಮೇಲಕ್ಕೆ ನಿಲ್ಲಬೇಕು. ಮೊದಲ ಐವತ್ತು ಗುಂಡುಗಳವರೆಗೆ ಇದು ವಿಚಿತ್ರವೆನಿಸುತ್ತದೆ, ನಂತರ ಅಭ್ಯಾಸವಾಗುತ್ತದೆ. ಆದರೆ ಅಭ್ಯಾಸವಾದ ಮೇಲೂ ಹೋಗದ ತೊಂದರೆ ಒಂದಿದೆ. ಸುರಕ್ಷತಾ ಕೀಲಿ (ಟ್ರಿಗರ್ ಒತ್ತಿದರೂ ಗುಂಡು ಹಾರದಂತೆ ತಡೆಯುವ ಸಣ್ಣ ಸನ್ನೆ) ರೈಫಲ್‌ನ ಎಡಬದಿಯಲ್ಲಿದೆ, ಅದನ್ನು ತಿರುಗಿಸಬೇಕಾದ ಹೆಬ್ಬೆರಳು ಬಲಬದಿಯಲ್ಲಿ ಸಿಕ್ಕಿಕೊಂಡಿದೆ. ಕೈಯನ್ನು ಗ್ರಿಪ್‌ನಿಂದ ಪೂರ್ತಿ ಎತ್ತದೆ ಕೀಲಿ ಹಾಕಲು ಆಗುವುದಿಲ್ಲ. ಇದರಿಂದಾಗಿ, ಒಂದು ಸುತ್ತು ಮುಗಿಸಿ ರೈಫಲ್ ಕೆಳಗಿಡುವ ಮುನ್ನ ಕೀಲಿ ಹಾಕುವುದನ್ನು ನಾನು ಎರಡು ಬಾರಿ ಮರೆತಿದ್ದೇನೆ. ಎರಡೂ ಸಲ ರೈಫಲ್‌ನೊಳಗೆ ತೋಟಾ ಕೂರುವ ಕೋಣೆ ಖಾಲಿಯಿತ್ತು, ಯಾರಿಗೂ ಏನೂ ಆಗಲಿಲ್ಲ, ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ವಾರವೇ 30 ಡಾಲರ್ ಕೊಟ್ಟು ಎರಡೂ ಬದಿಯಲ್ಲಿ ಸಿಗುವ ಕೀಲಿ ಹಾಕಿಸಿದೆ. ಫಿನ್ ಗ್ರಿಪ್ ಕೊಳ್ಳುವವರು ಈ 30 ಡಾಲರನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಬೇಕೆಂದು ಒತ್ತಾಯದಿಂದ ಹೇಳುತ್ತೇನೆ. ತಯಾರಕರು ತಮ್ಮ ಪೊಟ್ಟಣದ ಮೇಲೆ ಇದನ್ನು ಬರೆಯುವುದಿಲ್ಲ.

ಇನ್ನೊಂದು ಸಮಸ್ಯೆ ನಿಧಾನವಾಗಿ ಗೊತ್ತಾಯಿತು. ಬೇಸಿಗೆಯಲ್ಲಿ ಸ್ಯಾಕ್ರಮೆಂಟೊ ಕಣಿವೆಯ ಬಿಸಿಲಿಗೆ ಅಂಗೈ ಬೆವರಿ, ಫಲಕದ ಅಂಚು ಬೆರಳಸಂದಿಯನ್ನು ಉಜ್ಜುತ್ತದೆ. ನೂರು ಗುಂಡಿಗೆ ಚರ್ಮ ಕೆಂಪಾಗುತ್ತದೆ. ನಾನು ಅಂಚನ್ನು ಮರಳುಕಾಗದದಿಂದ ತಿಕ್ಕಿ ನುಣುಪು ಮಾಡಲು ಯೋಚಿಸಿ ಕೈಬಿಟ್ಟೆ, ಏಕೆಂದರೆ ತಿಕ್ಕಿದಷ್ಟೂ ಫಲಕ ಕಿರಿದಾಗುತ್ತದೆ, ಎಷ್ಟು ಕಿರಿದಾದರೆ ಹೆಬ್ಬೆರಳು ಸುತ್ತಲು ಬರುತ್ತದೆ ಎಂಬುದನ್ನು ನನ್ನ ಕೈಯಳತೆಯಿಂದ ತೀರ್ಮಾನಿಸುವ ಧೈರ್ಯ ನನಗಿರಲಿಲ್ಲ. 2022ರಲ್ಲಿ ಗ್ರಿಪ್ ಮತ್ತು ಸ್ಟಾಕ್ ಎರಡನ್ನೂ ತೆಗೆದು ಥಾರ್ಡ್‌ಸನ್ ಎಫ್‌ಆರ್‌ಎಸ್-15 ಸ್ಟಾಕ್ ಹಾಕಿಸಿದೆ. ಇದು ಹಳೆಯ ಬೇಟೆ ಕೋವಿಗಳ ರೀತಿ ಹಿಂದಕ್ಕೆ ಇಳಿಜಾರಾಗಿ ಸಾಗುವ ಹಿಡಿ. ಪ್ರತ್ಯೇಕ ಗ್ರಿಪ್ ಇಲ್ಲವೇ ಇಲ್ಲ. ನಮ್ಮ ಮನೆಯ ತೋಟದ ಕೋವಿಯನ್ನು ಹಿಡಿದ ಕೈಗೆ ಇದು ಮೊದಲ ದಿನವೇ ಹೊಂದಿಕೊಂಡಿತು. ಬೆರಳಸಂದಿ ಉಜ್ಜುವುದು ನಿಂತಿತು, ಬೆಂಚಿನ ಮೇಲೆ ಕುಳಿತು ಹಾರಿಸುವಾಗ ಭುಜಕ್ಕೂ ಕೆನ್ನೆಗೂ ಸ್ಥಿರತೆ ಹೆಚ್ಚಿತು. ಬೆಲೆ ಫಿನ್ ಗ್ರಿಪ್‌ನ ಹಲವು ಪಟ್ಟು. ಆದರೂ ಮೊದಲೇ ಇದನ್ನು ಕೊಂಡಿದ್ದರೆ ಎರಡು ಬಾರಿಯ ಖರ್ಚು ಉಳಿಯುತ್ತಿತ್ತು.

ನಿಖರತೆಯ ಬಗ್ಗೆ ದೂರಿಲ್ಲ. ನೂರು ಗಜದಲ್ಲಿ, ಮರಳಿನ ಚೀಲದ ಮೇಲೆ ಒರಗಿಸಿ, 55 ಗ್ರೇನ್ ತೂಕದ ಸಾಮಾನ್ಯ ಗುಂಡಿನಿಂದ ಐದು ತೂತುಗಳು ಎರಡು ಅಂಗುಲದೊಳಗೆ ಬೀಳುತ್ತವೆ. 69 ಗ್ರೇನ್ ಗುಂಡಿನಲ್ಲಿ ಒಂದೂಕಾಲು ಅಂಗುಲ. ಈ ಬೆಲೆಯ ನಳಿಗೆಗೆ ಇದು ಸಾಕಷ್ಟು ಒಳ್ಳೆಯದು. ಸುಮಾರು 2,600 ಗುಂಡುಗಳ ನಂತರ ಖಾಲಿ ತೋಟಾ ಕವಚಗಳು ಕೋಣೆಯಲ್ಲೇ ಉಳಿಯತೊಡಗಿದವು. ಅವನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್‌ನ ಸ್ಪ್ರಿಂಗ್ ಸೋತಿತ್ತು, ಐದಾರು ಡಾಲರಿನಲ್ಲಿ ಸರಿಹೋಯಿತು. ಅದೊಂದನ್ನು ಬಿಟ್ಟರೆ ಒರೆಸುವುದು, ಎಣ್ಣೆ ಹಾಕುವುದು, ಅಷ್ಟೇ.

ನಿಜವಾಗಿ ದುಡ್ಡು ಹೋಗುವುದು ತೋಟಾಕ್ಕೆ. 2019ರ ಜುಲೈ 1ರಿಂದ ಈ ರಾಜ್ಯದಲ್ಲಿ ತೋಟಾ ಕೊಳ್ಳುವ ಪ್ರತಿ ಸಲವೂ ಹಿನ್ನೆಲೆ ಪರಿಶೀಲನೆ ಆರಂಭವಾಯಿತು. ಅಂತರಜಾಲದಲ್ಲಿ ತರಿಸಿದರೂ ಅದು ಪರವಾನಗಿ ಇರುವ ಅಂಗಡಿಗೇ ಬರಬೇಕು, ನೆರೆಯ ನೆವಾಡಾದ ರೀನೋಗೆ ಹೋಗಿ ಕೊಂಡು ತರುವುದಕ್ಕೆ 2018ರಿಂದಲೇ ನಿಷೇಧವಿದೆ. ನನ್ನ ಮೊದಲ ಅರ್ಜಿ ತಿರಸ್ಕೃತವಾಯಿತು. ರೈಫಲ್ ಕೊಂಡ ಮೇಲೆ ಮನೆ ಬದಲಿಸಿದ್ದೆ, ಬಂದೂಕಿನ ದಾಖಲೆಯಲ್ಲಿ ಹಳೆಯ ವಿಳಾಸವೇ ಉಳಿದಿತ್ತು. ಗುರುತಿನ ಚೀಟಿಯ ವಿಳಾಸಕ್ಕೂ ಅದಕ್ಕೂ ತಾಳೆಯಾಗಲಿಲ್ಲ. ತಪ್ಪು ನನ್ನದೇ. ಮನೆ ಬದಲಿಸಿದ ವಾರವೇ ಆ ದಾಖಲೆಯನ್ನೂ ಬದಲಿಸಬೇಕೆಂಬುದು ತಲೆಗೆ ಹೊಳೆದಿರಲಿಲ್ಲ. 2024ರ ಜುಲೈಯಿಂದ ಬಂದೂಕು ಮತ್ತು ತೋಟಾಗಳ ಮೇಲೆ ರಾಜ್ಯದ ಶೇ. 11ರ ಹೆಚ್ಚುವರಿ ತೆರಿಗೆಯೂ ಸೇರಿದೆ. ರೈಫಲ್‌ಗೆ ಕೊಟ್ಟ 750 ಡಾಲರಿಗಿಂತ ಎಷ್ಟೋ ಹೆಚ್ಚನ್ನು ನಾನು ಈ ಆರು ವರ್ಷಗಳಲ್ಲಿ ತೋಟಾಕ್ಕೆ ಕೊಟ್ಟಿದ್ದೇನೆ.

ಆದ್ದರಿಂದ ಕೇವಲ ಗುರಿ ಅಭ್ಯಾಸಕ್ಕಾಗಿ ಕೊಳ್ಳುವವರಿಗೆ ನನ್ನ ಸಲಹೆ ಬೇರೆ. ನಮ್ಮ ಮನೆಯಲ್ಲಿ ಎರಡನೆಯದಾಗಿ ಬಂದ ರೈಫಲ್ ರೂಗರ್ 10/22. 1964ರಿಂದ ತಯಾರಾಗುತ್ತಿರುವ, .22 ರಿಮ್‌ಫೈರ್ (ತಳದ ಅಂಚಿನಲ್ಲಿ ಕಿಡಿಮದ್ದಿರುವ) ತೋಟಾದ, ಸುಮಾರು ಐದು ಪೌಂಡ್ ತೂಕದ ಸಣ್ಣ ರೈಫಲ್ ಅದು. ಮೇಲೆ ಹೇಳಿದ ಲಕ್ಷಣಗಳ ಪಟ್ಟಿ ಸೆಂಟರ್‌ಫೈರ್ ರೈಫಲ್‌ಗಳಿಗೆ ಮಾತ್ರ ಅನ್ವಯಿಸುವುದರಿಂದ ಇದಕ್ಕೆ ಫಲಕವೂ ಬೇಡ, ಬದಲಾವಣೆಯೂ ಬೇಡ. ಜತೆಗೆ ಬರುವ ಮ್ಯಾಗಝಿನ್ ಹಿಡಿಯುವುದೇ ಹತ್ತು ತೋಟಾ. ರಿಮ್‌ಫೈರ್ ತೋಟಾಗಳಲ್ಲಿ ಆಗೊಮ್ಮೆ ಈಗೊಮ್ಮೆ ಸಿಡಿಯದವು ಸಿಗುತ್ತವೆ, ಹಳೆಯ ಮಾದರಿಗಳಲ್ಲಿ ಬೋಲ್ಟ್ ಹಿಡಿದಿಡುವ ಸಣ್ಣ ಕೀಲಿಯನ್ನು ಬಳಸುವುದು ಸ್ವಲ್ಪ ಕಷ್ಟ. ಇಷ್ಟನ್ನು ಬಿಟ್ಟರೆ ಹೇಳಲು ಕೊರತೆಯಿಲ್ಲ. ಅರ್ಧಕ್ಕಿಂತ ಕಡಿಮೆ ಬೆಲೆಗೆ ಬಂದ ಅದನ್ನು ನಾವು ಎಆರ್‌ಗಿಂತ ಮೂರು ಪಟ್ಟು ಹೆಚ್ಚು ಬಳಸಿದ್ದೇವೆ.

ನ್ಯಾಯಾಲಯಗಳ ಸುದ್ದಿ ಕೇಳಿ ಅವಸರ ಮಾಡುವವರಿಗೆ ಒಂದು ಮಾತು. 2021ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶ ರೋಜರ್ ಬೆನಿಟೆಝ್ ಈ ನಿಷೇಧವನ್ನು ಸಂವಿಧಾನಬಾಹಿರ ಎಂದರು, 2023ರ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಹಾಗೆಯೇ ತೀರ್ಪಿತ್ತರು. ಎರಡೂ ಸಲ ಮೇಲ್ಮನವಿ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ನಿಷೇಧ ಜಾರಿಯಲ್ಲೇ ಉಳಿಯಿತು. ಮೊದಲ ತೀರ್ಪು ಬಂದ ಸಂಜೆ ಪರಿಚಿತರೊಬ್ಬರು ‘ಇನ್ನು ಫಿನ್ ತೆಗೆಯಬಹುದಲ್ಲ’ ಎಂದು ಕರೆ ಮಾಡಿದ್ದರು. ತೆಗೆಯಬೇಡಿ ಎಂದೆ. ನಮ್ಮಂಥ ವಲಸಿಗರಿಗೆ ಇದು ದಂಡ ಕಟ್ಟಿ ಮುಗಿಯುವ ವಿಷಯವಲ್ಲ. ಗ್ರೀನ್ ಕಾರ್ಡ್ ಇರುವವರು ಬಂದೂಕಿನ ಅಪರಾಧದಲ್ಲಿ ಶಿಕ್ಷೆಗೊಳಗಾದರೆ ದೇಶದಿಂದ ಹೊರಹಾಕಲು ಅದೇ ಕಾರಣವಾಗಬಹುದು. ಎಚ್-1ಬಿ ವೀಸಾದಲ್ಲಿರುವ ಗೆಳೆಯರು ಇನ್ನೂ ಎಚ್ಚರ ವಹಿಸಬೇಕು. ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವಲಸೆಯೇತರ ವೀಸಾದವರು ಬಂದೂಕು ಅಥವಾ ತೋಟಾ ಹೊಂದುವುದನ್ನೇ ಫೆಡರಲ್ ಕಾನೂನು ನಿಷೇಧಿಸುತ್ತದೆ, ಮೈದಾನದಲ್ಲಿ ಒಂದು ಗಂಟೆ ಬಾಡಿಗೆಗೆ ಪಡೆದು ಹಿಡಿದರೂ ಅದು ಹೊಂದಿದಂತೆಯೇ. ವಾರಾಂತ್ಯದಲ್ಲಿ ‘ನಾವೂ ಬರುತ್ತೇವೆ’ ಎಂದು ಪ್ರೀತಿಯಿಂದ ಕೇಳುವ ಹುಡುಗರಿಗೆ ನಾನು ಮೊದಲು ಕೇಳುವುದು ಅವರ ವೀಸಾದ ಬಗ್ಗೆ. ಅವರಿಗೆ ಮುಜುಗರವಾದರೂ ಕೇಳುತ್ತೇನೆ.

ಕೆಲಸದ ಮೇಲೆ ಊರು ಬದಲಿಸುವ ಸಾಧ್ಯತೆ ಇರುವವರು ಇನ್ನೊಂದನ್ನು ಗಮನಿಸಬೇಕು. ಕ್ಯಾಲಿಫೋರ್ನಿಯಾಕ್ಕೆ ಒಪ್ಪುವ ರೈಫಲ್ ಬೇರೆ ರಾಜ್ಯಕ್ಕೂ ಒಪ್ಪುತ್ತದೆ ಎಂದಲ್ಲ. ನ್ಯೂಯಾರ್ಕಿನ 2013ರ ಕಾನೂನು ಮಝಲ್ ಬ್ರೇಕನ್ನೂ ಅದನ್ನು ಕೂರಿಸುವ ನಳಿಗೆಯ ತುದಿಯ ತಿರುಪಿನ ಎಳೆಗಳನ್ನೂ ಪಟ್ಟಿಯಲ್ಲಿ ಸೇರಿಸಿದೆ. ವಾಷಿಂಗ್ಟನ್ ರಾಜ್ಯವಂತೂ 2023ರ ಏಪ್ರಿಲ್‌ನಿಂದ ಎಆರ್-15 ಮಾದರಿಯನ್ನು ಹೆಸರಿಸಿಯೇ ಮಾರಾಟ ಮತ್ತು ಆಮದು ಎರಡನ್ನೂ ನಿಷೇಧಿಸಿದೆ. ಫಿನ್ ಇದ್ದರೂ ಇಲ್ಲದಿದ್ದರೂ ಅಲ್ಲಿ ವ್ಯತ್ಯಾಸವಿಲ್ಲ. ಕಳೆದ ವರ್ಷ ಸಿಯಾಟಲ್‌ಗೆ ಹೊರಟ ನಮ್ಮ ಸಹೋದ್ಯೋಗಿಯೊಬ್ಬರು ನನ್ನದರಂತೆಯೇ ಜೋಡಿಸಿದ್ದ ತಮ್ಮ ರೈಫಲನ್ನು ಅಂಗಡಿಯ ಮೂಲಕ ಇಲ್ಲೇ ಮಾರಿದರು, ಹಾಕಿದ ದುಡ್ಡಿನಲ್ಲಿ ಅರ್ಧವೂ ಮರಳಲಿಲ್ಲ. ಸಾಮಾನಿನ ಲಾರಿ ಹೊರಟ ಬೆಳಿಗ್ಗೆ ಅವರ ಕಾರಿನಲ್ಲಿ ಬೀಗ ಹಾಕಿದ ಪೆಟ್ಟಿಗೆ ಒಂದೇ ಇತ್ತು, ಅದರಲ್ಲಿ ಅವರ 10/22 ಇತ್ತು.